ಎರೆ ಎಲ್ಲಿ, ಮಸಾರಿ ಎಲ್ಲಿ? ಧಾರವಾಡ ಜಿಲ್ಲೆಯ ಮಣ್ಣು ಮತ್ತು ಅದರ ಹಟ

[ಕ್ಯಾಮೆರಾ ಹತ್ತಿರದಲ್ಲಿ. ಎರಡು ಅಂಗೈ, ಎರಡರಲ್ಲೂ ಒಂದೊಂದು ಹಿಡಿ ಒದ್ದೆ ಮಣ್ಣು. ಒಂದು ಕೆಂಪು, ಒಂದು ಕಪ್ಪು.]

ನಮಸ್ಕಾರ. ಎಡಗೈಯಲ್ಲಿರುವುದು ಅಳ್ನಾವರದ ಕಡೆಯ ಮಣ್ಣು. ಬಲಗೈಯಲ್ಲಿರುವುದು ಅಣ್ಣಿಗೇರಿಯದ್ದು. ಎರಡೂ ಧಾರವಾಡ ಜಿಲ್ಲೆಯವೇ. ಒಂದೂರಿಂದ ಇನ್ನೊಂದೂರಿಗೆ ನೂರು ಕಿಲೋಮೀಟರೂ ಇಲ್ಲ.

ಈಗ ನೋಡಿ. ಕೆಂಪು ಮಣ್ಣನ್ನು ಹೆಬ್ಬೆರಳಿಂದ ಒತ್ತುತ್ತಾ ಪಟ್ಟಿ ಮಾಡುತ್ತೇನೆ. ಒಂದಿಂಚು ಬರುವಷ್ಟರಲ್ಲೇ ತುಂಡಾಯಿತು. ಕಪ್ಪು ಮಣ್ಣಿನ ಪಟ್ಟಿ? ಎರಡಿಂಚು ದಾಟಿತು, ಇನ್ನೂ ಜೋತಾಡುತ್ತಿದೆ. ಕೈ ತೊಳೆಯೋದಕ್ಕೆ ಆಮೇಲೆ ಎರಡು ಚೊಂಬು ನೀರು ಬೇಕು, ಅದು ಬೇರೆ ಮಾತು.

ಇಷ್ಟೇ ಪರೀಕ್ಷೆ. ಪಟ್ಟಿ ಉದ್ದ ಬಂದಷ್ಟೂ ಮಣ್ಣಿನಲ್ಲಿ ಜೇಡಿಯ ಅಂಶ ಜಾಸ್ತಿ. ಇವತ್ತಿನ ವಿಡಿಯೋದಲ್ಲಿ ಹೇಳುವುದೆಲ್ಲ ಈ ಜೇಡಿಯ ಕಥೆಯೇ. ಜೋಳ ಬೆಳೆಸುವುದೂ ಅದೇ, ಮನೆ ಗೋಡೆ ಸೀಳುವುದೂ ಅದೇ.

[ನಕ್ಷೆ: ಪಶ್ಚಿಮದಿಂದ ಪೂರ್ವಕ್ಕೆ ಅಳ್ನಾವರ, ಧಾರವಾಡ, ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿ]

ಧಾರವಾಡ ಶಹರ ನಿಂತಿರುವುದೇ ಒಂದು ಗಡಿಯ ಮೇಲೆ. ಪಶ್ಚಿಮಕ್ಕೆ ಹೋದರೆ ಮಲೆನಾಡಿನ ಸೆರಗು: ಅಳ್ನಾವರ, ಕಲಘಟಗಿ. ಮಳೆ ಚೆನ್ನಾಗಿ ಬೀಳುತ್ತದೆ, ಕಾಡಿದೆ, ಮಣ್ಣು ಕೆಂಪು. ಪೂರ್ವಕ್ಕೆ ಹೋದರೆ ಬೆಳವಲ: ನವಲಗುಂದ, ಅಣ್ಣಿಗೇರಿ. ಮಳೆ ಕಡಿಮೆ, ಕಣ್ಣು ಹಾಯಿಸಿದಷ್ಟು ದೂರ ಮರವಿಲ್ಲದ ಬಯಲು, ಮಣ್ಣು ಕಪ್ಪು. ಕೆಂಪಿಗೆ ಇಲ್ಲಿ ಮಸಾರಿ ಅಂತಾರೆ, ಕಪ್ಪಿಗೆ ಎರೆ.

ಒಂದು ತಪ್ಪು ತಿಳಿವಳಿಕೆ ಮೊದಲೇ ತೆಗೆದುಬಿಡೋಣ. ಎರೆ ಕಪ್ಪಗಿದೆ, ಅಂದಮೇಲೆ ಗೊಬ್ಬರದ ಅಂಶ ತುಂಬಾ ಇರಬೇಕು ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲ. ನಮ್ಮ ಎರೆ ಹೊಲಗಳಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಕಡಿಮೆಯೇ. ಇರುವ ಸ್ವಲ್ಪವೇ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಆ ಬಣ್ಣ ಕೊಡುತ್ತದೆ. ಬಣ್ಣ ನೋಡಿ ಗೊಬ್ಬರ ಹಾಕುವುದು ಬಿಟ್ಟರೆ ಕೆಟ್ಟಿರಿ.

[ದೃಶ್ಯ: ಏಪ್ರಿಲ್ ತಿಂಗಳ ಎರೆ ಹೊಲ. ಬಿರುಕಿನೊಳಗೆ ಕೈ ಇಳಿಸುವುದು, ಮೊಣಕೈವರೆಗೆ ಒಳಗೆ.]

ಎರೆಯಲ್ಲಿರುವ ಜೇಡಿ ಸಾಮಾನ್ಯದ್ದಲ್ಲ. ಅದರ ಕಣಗಳು ಹಾಳೆ ಹಾಳೆಯಾಗಿರುತ್ತವೆ. ನೀರು ಬಂದರೆ ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ನೀರು ಹೋದರೆ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಮೇಲಿನ ಪುಡಿ ಮಣ್ಣು ಆ ಬಿರುಕಿಗೆ ಬೀಳುತ್ತದೆ, ಮಳೆಗಾಲದಲ್ಲಿ ಒಳಗೇ ಉಬ್ಬುತ್ತದೆ. ಹೀಗೆ ವರ್ಷ ವರ್ಷ ಮಣ್ಣು ತನ್ನನ್ನು ತಾನೇ ಮಗುಚುತ್ತದೆ. ಮಣ್ಣು ವಿಜ್ಞಾನಿಗಳು ಇದಕ್ಕೆ ‘ವರ್ಟಿಸಾಲ್’ ಅಂತ ಹೆಸರಿಟ್ಟಿದ್ದಾರೆ. ಲ್ಯಾಟಿನ್‌ನಲ್ಲಿ ತಿರುಗಿಸು ಅನ್ನುವ ಅರ್ಥದ ಪದದಿಂದ ಬಂದ ಹೆಸರು.

ಇದರ ಲಾಭ ಏನು? ಒಂದು ಮೀಟರ್ ಆಳದ ಒಳ್ಳೆಯ ಎರೆ, ಬೇರಿಗೆ ಸಿಗುವಂತೆ ಸುಮಾರು 200 ಮಿಲಿಮೀಟರ್ ನೀರು ಹಿಡಿದಿಡಬಲ್ಲದು. ಎಕರೆಗೆ ಲೆಕ್ಕ ಹಾಕಿದರೆ 8 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ 160 ಟ್ಯಾಂಕರ್! ಮಸಾರಿ ಹಿಡಿಯುವುದು ಸುಮಾರು ಇದರ ಅರ್ಧ.

ಅದಕ್ಕೇ ಬೆಳವಲದ ಬೇಸಾಯ ಉಳಿದ ಕಡೆಯವರಿಗೆ ತಲೆಕೆಳಗಾಗಿ ಕಾಣುತ್ತದೆ. ಮುಂಗಾರಿನಲ್ಲಿ ಆಳವಾದ ಎರೆಗೆ ಇಳಿಯುವುದೇ ಕಷ್ಟ. ಎತ್ತಿನ ಕಾಲು ಹೂಳುತ್ತದೆ, ಟ್ರ್ಯಾಕ್ಟರ್ ಗಾಲಿ ಸುಮ್ನೆ ತಿರುಗುತ್ತದೆ. ಬೇಗ ಬರುವ ಹೆಸರುಕಾಳನ್ನು ಕೆಲವರು ಬಿತ್ತಿ ತೆಗೆಯುತ್ತಾರೆ. ಉಳಿದವರು ಹೊಲ ಹರಗಿ, ನೀರು ಕುಡಿಸಿ, ಕಾಯುತ್ತಾರೆ. ಮಳೆ ಹಿಂದೆ ಸರಿಯುವ ಹೊತ್ತಿಗೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ. ಆಮೇಲೆ ಮಳೆ ಬರದಿದ್ದರೂ ನಡೆಯುತ್ತದೆ. ಬೇರು ಕೆಳಗಿನ ಗೋದಾಮಿನಿಂದ ಕುಡಿಯುತ್ತಾ ಹೋಗುತ್ತದೆ. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೀರಲ್ಲ, ಆ ಹೊತ್ತಿಗೆ ಜೋಳ ಎದೆಯುದ್ದ ನಿಂತಿರುತ್ತದೆ. ಮಳೆಯ ಮುಖ ನೋಡಿ ಎಷ್ಟೋ ವಾರ ಆಗಿರುತ್ತದೆ.

ನಡುವೆ ಎಡೆ ಹೊಡೆಯುವುದು, ಅಂದರೆ ಬೆಳೆಯ ಸಾಲುಗಳ ಮಧ್ಯೆ ಕುಂಟೆ ಹಾಯಿಸುವುದು, ಬರೀ ಕಳೆಗಲ್ಲ. ಬಾಯಿ ಬಿಡುತ್ತಿರುವ ಬಿರುಕನ್ನು ಮುಚ್ಚಿ, ಒಳಗಿನ ತೇವ ಆರಿಹೋಗದಂತೆ ತಡೆಯುವುದಕ್ಕೂ ಅದೇ ಕೆಲಸ.

ಎರೆಗೂ ಹತ್ತಿಗೂ ಇರುವ ನಂಟು ಎಲ್ಲರಿಗೂ ಗೊತ್ತು. 1972ರಲ್ಲಿ ಧಾರವಾಡದಲ್ಲೇ ಬಿ. ಎಚ್. ಕಟರಕಿ ಅವರು ‘ವರಲಕ್ಷ್ಮಿ’ ಅನ್ನುವ ಹೈಬ್ರಿಡ್ ಹತ್ತಿ ತಂದರು. ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ಮಾಡಿದ ತಳಿ ಅದು.

[ದೃಶ್ಯ: ಕೆಂಪು ಮಣ್ಣಿನ ಪೇರಲ ತೋಟ]

ಈಗ ಮಸಾರಿ. ಇದರ ಕೆಂಪು ಕಬ್ಬಿಣದ ತುಕ್ಕಿನ ಕೆಂಪು. ಜೇಡಿ ಕಡಿಮೆ. ಇರುವ ಜೇಡಿಯೂ ಉಬ್ಬದ ಜಾತಿಯದ್ದು. ನೀರು ಸರಸರ ಇಳಿದುಹೋಗುತ್ತದೆ. ಮಳೆ ನಿಂತ ಮರುದಿನವೇ ಹೊಲಕ್ಕೆ ಇಳಿಯಬಹುದು. ಶೇಂಗಾಕ್ಕೆ ಇದು ಹೇಳಿ ಮಾಡಿಸಿದ್ದು, ಯಾಕೆಂದರೆ ಗಿಡ ಕಿತ್ತರೆ ಕಾಯಿ ಜೊತೆಗೇ ಬರುತ್ತದೆ. ಒಣಗಿದ ಎರೆಯಲ್ಲಿ ಶೇಂಗಾ ಕಿತ್ತು ನೋಡಿ, ಗಿಡ ಕೈಗೆ, ಕಾಯಿ ಭೂಮಿಗೆ. ಹಣ್ಣಿನ ಗಿಡಕ್ಕೂ ಬೇರಿನಲ್ಲಿ ನೀರು ನಿಂತರೆ ಆಗುವುದಿಲ್ಲ. ಹಾಗಾಗಿ ಧಾರವಾಡದ ಆಪೂಸ್ ಮಾವು, ನವಲೂರಿನ ಪೇರಲ ಎಲ್ಲ ಈ ಕಡೆಯವು. ಇನ್ನೂ ಪಶ್ಚಿಮಕ್ಕೆ, ಅಳ್ನಾವರದ ಕಡೆ ಭತ್ತ. ಅದೂ ನಾಟಿಯಲ್ಲ, ಕೂರಿಗೆಯಿಂದ ಬಿತ್ತುವ ಭತ್ತ.

ಮಸಾರಿಯ ಕಷ್ಟ ಅಂದರೆ ಹದಿನೈದು ದಿನ ಮಳೆ ಕೈಕೊಟ್ಟರೆ ಬೆಳೆ ಬಾಡುತ್ತದೆ. ಕೃಷಿ ಹೊಂಡ ತೋಡಿದರೂ ತಾಡಪಾಲು ಹಾಸಬೇಕು, ಇಲ್ಲದಿದ್ದರೆ ನೀರು ಇಂಗಿಹೋಗುತ್ತದೆ. ಎರೆಯ ಹೊಂಡಕ್ಕೆ ಸಾಮಾನ್ಯವಾಗಿ ತಾಡಪಾಲು ಬೇಕಿಲ್ಲ.

[ದೃಶ್ಯ: ಗೋಡೆಯ ಮೇಲೆ ಓರೆಯಾಗಿ ಹೋಗುವ ಬಿರುಕು]

ಇನ್ನು ಮನೆ. ನವಲಗುಂದದ ಕಡೆ ನಮ್ಮ ಸೋದರಮಾವನ ಮನೆ ಇದೆ. ಆ ಮನೆಯ ಅಡುಗೆಮನೆ ಬಾಗಿಲು ಆಷಾಢದಲ್ಲಿ ಮುಚ್ಚುವುದಿಲ್ಲ, ಚೈತ್ರದಲ್ಲಿ ತಾನಾಗೇ ಮುಚ್ಚುತ್ತದೆ. ಬಡಗಿಯನ್ನು ಕರೆಸಿ ಎರಡು ಸಲ ಉಜ್ಜಿಸಿದರು. ತಪ್ಪು ಬಾಗಿಲಿನದಲ್ಲ, ಕೆಳಗಿನ ಎರೆಯದ್ದು. ಮನೆಯ ಅಂಚಿನ ಮಣ್ಣು ಮಳೆಯಲ್ಲಿ ನೆನೆದು ಉಬ್ಬುತ್ತದೆ, ನಡುವಿನದು ಒಣಗಿಯೇ ಇರುತ್ತದೆ. ಅಂಚು ಏಳುತ್ತದೆ, ಬೇಸಿಗೆಗೆ ಇಳಿಯುತ್ತದೆ. ಗೋಡೆ ಎಷ್ಟು ಅಂತ ತಾಳೀತು?

ಪರಿಹಾರ ಇದೆ. ಬಿರುಕು ಬಿಡುವ ಪದರ ದಾಟಿ, ತೇವ ಏರಿಳಿಯದ ಆಳಕ್ಕೆ ತಳಪಾಯ ಹೋಗಬೇಕು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇದಕ್ಕಾಗಿ ‘ಅಂಡರ್‌ರೀಮ್ಡ್ ಪೈಲ್’ ಬೆಳೆಸಿತು. ಆಳವಾದ ಎರೆಯಲ್ಲಿ ಸುಮಾರು 3.5 ಮೀಟರ್ ಇಳಿಯುವ ಕಂಬ. ಕೆಳತುದಿ ಗಡ್ಡೆಯ ಹಾಗೆ ದಪ್ಪಗಿರುತ್ತದೆ, ಮಣ್ಣು ಮೇಲೆತ್ತಲು ನೋಡಿದರೂ ಕಂಬ ಬರುವುದಿಲ್ಲ. ಖರ್ಚು ಜಾಸ್ತಿ, ನಿಜ. ಆದರೆ ಬಡಗಿಯ ಲೆಕ್ಕವನ್ನೂ ಸೇರಿಸಿ ನೋಡಿ.

ಮಸಾರಿಯ ಮೇಲೆ ಈ ತಲೆನೋವಿಲ್ಲ. ಅಲ್ಲೇ ಇನ್ನೊಂದು ಎಡವಟ್ಟು ಹುಟ್ಟುವುದು. ಪೇರಲ ಗಿಡ ಕೇಳುವ ಮಣ್ಣನ್ನೇ ಮನೆ ಕಟ್ಟುವವರೂ ಕೇಳುತ್ತಾರೆ. ಹುಬ್ಬಳ್ಳಿ-ಧಾರವಾಡದ ನಡುವಿನ ನವಲೂರಲ್ಲಿ ಈ ಜಗಳ ಕಣ್ಣಿಗೇ ಕಾಣುತ್ತದೆ. ಗೆಲ್ಲುವುದು ಲೇಔಟ್. ನನಗೆ ಬೇಜಾರಿದೆ, ಮುಚ್ಚಿಡುವುದಿಲ್ಲ. ಮನೆಯನ್ನು ಎಂಜಿನಿಯರ್ ಹಿಡಿದು ಎರೆಯ ಮೇಲೂ ಕಟ್ಟಬಹುದು, ಪೇರಲವನ್ನು ಹಾಗೆ ಒಯ್ಯಲು ಆಗುವುದಿಲ್ಲ.

[ದೃಶ್ಯ: ಬಿಳಿ ಉಪ್ಪಿನ ಪದರ ಮೂಡಿದ ಹೊಲ]

ಎರೆಗೆ ನೀರು ಹಿಡಿಯುವ ಶಕ್ತಿ ಇದೆ ಅಂದೆ. ಹಾಗಾದರೆ ಕಾಲುವೆ ನೀರು ಕೊಟ್ಟರೆ ಬಂಗಾರವೇ ಅಲ್ವಾ? 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಈ ಬಯಲಿಗೆ ಬಂದಾಗ ಸರ್ಕಾರದ ಲೆಕ್ಕವೂ ಅದೇ ಆಗಿತ್ತು. ನಿಮ್ಮ ಭೂಮಿ ಸುಧಾರಿಸಿತು, ಅದಕ್ಕೆ ಕರ ಕಟ್ಟಿ ಅಂದರು. 1980ರ ಜುಲೈನಲ್ಲಿ ನವಲಗುಂದ-ನರಗುಂದದ ರೈತರು ಎದ್ದು ನಿಂತದ್ದಕ್ಕೆ ಆ ಕರವೂ ಒಂದು ದೊಡ್ಡ ಕಾರಣ.

ಮಣ್ಣಿನ ಲೆಕ್ಕ ಬೇರೆಯೇ ಇರುತ್ತದೆ. ಎರೆಯಲ್ಲಿ ನೀರು ಒಳಗೆ ಹೋಗುತ್ತದೆ, ಆದರೆ ಕೆಳಗೆ ಬಸಿದು ಹೋಗುವುದು ಬಹಳ ನಿಧಾನ. ಪದೇ ಪದೇ ಹಾಯಿಸಿದರೆ ನೀರು ಕೆಳಗಿನಿಂದ ಏರುತ್ತಾ ಬರುತ್ತದೆ, ತಳದ ಉಪ್ಪನ್ನೂ ಹೊತ್ತು ತರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಉಪ್ಪಾದದ್ದು ಸವಳು, ನೀರು ನಿಂತು ಕೊಳೆತದ್ದು ಜವಳು. ತುಂಗಭದ್ರೆಯ ಕಾಲುವೆ ಪ್ರದೇಶದಲ್ಲೂ, ಭತ್ತದ ಹಿಂದೆ ಬಿದ್ದ ಕಡೆ, ಇದೇ ಪಾಡು. ಬಸಿಗಾಲುವೆ ಇಲ್ಲದೆ ಎರೆಗೆ ಕಾಲುವೆ ತರುವುದು, ಮೋರಿಯಿಲ್ಲದ ಬಚ್ಚಲಲ್ಲಿ ಸ್ನಾನ ಮಾಡಿದ ಹಾಗೆ.

[ಕ್ಯಾಮೆರಾ ಮತ್ತೆ ಮುಖಕ್ಕೆ. ಕೈಯಲ್ಲಿ ಮಣ್ಣು ಆರೋಗ್ಯ ಕಾರ್ಡ್.]

ನಿಮ್ಮ ಹೊಲದ ಮಣ್ಣು ಯಾವುದಕ್ಕೆ ಸೈ ಅಂತ ತಿಳಿಯೋದು ಹೇಗೆ? 2015ರಿಂದ ಸಿಗುತ್ತಿರುವ ಈ ಕಾರ್ಡಿನಲ್ಲಿ 12 ಅಂಶಗಳಿವೆ. ರಸಸಾರ, ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಹೀಗೆ. ಗೊಬ್ಬರ ಎಷ್ಟು ಹಾಕಬೇಕು ಅನ್ನೋದಕ್ಕೆ ಒಳ್ಳೆಯದು. ಆದರೆ ಮುಖ್ಯವಾದ ಒಂದು ವಿಷಯ ಇದರಲ್ಲಿಲ್ಲ: ಮಣ್ಣು ಎಷ್ಟು ಆಳ ಇದೆ? ಮಾದರಿ ತೆಗೆಯುವುದೇ ಮೇಲಿನ 15 ಸೆಂಟಿಮೀಟರಿನಿಂದ. ಒಂದಡಿ ಎರೆಯ ಕೆಳಗೆ ಗರಸು, ಅಂದರೆ ಕಲ್ಲುಪುಡಿಯಂಥ ಗಟ್ಟಿ ಪದರ, ಇದ್ದರೆ ಆ 160 ಟ್ಯಾಂಕರ್ ಲೆಕ್ಕ ಮರೆತುಬಿಡಿ. ಕಾರ್ಡು ಮಾತ್ರ ಆಳದ ಎರೆಗೂ, ಈ ಒಂದಡಿ ಎರೆಗೂ ಒಂದೇ ಥರ ಬರಬಹುದು.

ಆದ್ದರಿಂದ ಹೊಲವೋ ಸೈಟೋ ಕೊಳ್ಳುವ ಮುಂಚೆ ನಾಲ್ಕಡಿ ಗುಂಡಿ ತೆಗೆಸಿ. ಗೋಡೆಯಲ್ಲಿ ಬಣ್ಣ ಎಲ್ಲಿ ಬದಲಾಗುತ್ತದೆ, ಗರಸು ಎಲ್ಲಿ ಸಿಗುತ್ತದೆ, ಬೇರು ಎಲ್ಲಿವರೆಗೆ ಇಳಿದಿದೆ, ನೋಡಿ. ಅಡಿಗೊಂದರಂತೆ ಹಿಡಿ ಮಣ್ಣು ತೆಗೆದು, ಒದ್ದೆ ಮಾಡಿ, ಈ ಪಟ್ಟಿ ಮಾಡಿ. ಆಮೇಲೆ ಪಕ್ಕದ ಹೊಲದ ಬಾವಿ ನೀರು ಕುಡಿದು ನೋಡಿ, ಸವಳು ಇದ್ದರೆ ನಾಲಿಗೆಯೇ ಹೇಳುತ್ತದೆ. ಸೈಟ್ ಆದರೆ ಅಕ್ಕಪಕ್ಕದ ಹಳೆಯ ಮನೆಗಳಿಗೆ ಹೋಗಿ, ಚಹಾ ಕೊಟ್ಟರೆ ಬೇಡ ಅನ್ನಬೇಡಿ. ಕುಡಿಯುತ್ತಾ ಕಿಟಕಿಯ ಮೂಲೆ ನೋಡಿ. ಬಿರುಕು ಶುರುವಾಗುವುದು ಅಲ್ಲಿಂದಲೇ.