ಕ್ಲೀನರ್ ಸೀಟು ಖಾಲಿ

ನಮ್ಮಪ್ಪನ ಹತ್ತಿರ ಒಂದು ಕಬ್ಬಿಣದ ರಾಡಿದೆ. ಮೊಳಕ್ಕಿಂತ ಸ್ವಲ್ಪ ಉದ್ದ. ಒಂದು ತುದಿ ಬಡಿದು ಬಡಿದು ಚಪ್ಪಟೆಯಾಗಿದೆ. ಲಾರಿ ಬಿಟ್ಟು ಆರು ವರ್ಷವಾಯಿತು, ಅದನ್ನು ಗುಜರಿಗೆ ಹಾಕಲು ಇನ್ನೂ ಬಿಟ್ಟಿಲ್ಲ. ಪೀಣ್ಯದ ನಮ್ಮ ಮನೆಯ ಬಾಗಿಲ ಹಿಂದೆ ನಿಂತಿದೆ. ಟೈರಿಗೆ ಬಡಿಯುವ ರಾಡು ಅದು. ಅಪ್ಪ ಹದಿನಾರನೇ ವಯಸ್ಸಿಗೆ ಕ್ಲೀನರ್ ಆಗಿ ಲಾರಿ ಹತ್ತಿದಾಗ ಕಲಿತ ಮೊದಲ ಪಾಠ ಇದು: ಗಾಡಿ ನಿಂತ ಕಡೆಯೆಲ್ಲ ಇಳಿದು ಒಂದು ಸುತ್ತು ಬರಬೇಕು, ಒಂದೊಂದು ಟೈರಿಗೂ ಬಡಿದು ಸದ್ದು ಕೇಳಬೇಕು. ಗಾಳಿ ಸರಿ ಇದ್ದರೆ ರಾಡು ಪುಟಿಯುತ್ತದೆ, ‘ಠಣ್’ ಅನ್ನುತ್ತದೆ. ಇಳಿದಿದ್ದರೆ ‘ಧಪ್’. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದು ಪಂಕ್ಚರ್ ಆದರೆ ಕಣ್ಣಿಗೆ ಕಾಣುವುದಿಲ್ಲ. ಹೊರಗಿನದು ಎಲ್ಲ ಭಾರ ಹೊತ್ತುಕೊಂಡು ನಿಂತಿರುತ್ತದೆ. ಕಿವಿಗೆ ಮಾತ್ರ ಗೊತ್ತಾಗುತ್ತದೆ.

ನಮಸ್ಕಾರ ಎಲ್ಲರಿಗೂ. ಇವತ್ತು ಲಾರಿ, ಬಸ್ಸು ಓಡಿಸುವವರಿಗೆ ಏನು ಅರ್ಹತೆ ಬೇಕು ಅನ್ನುವುದರ ಬಗ್ಗೆ ಮಾತು. ಹೆದ್ದಾರಿಯಲ್ಲಿ ದೊಡ್ಡ ಅಪಘಾತವಾದ ಮಾರನೇ ದಿನ ಯಾವ ವಾಟ್ಸಾಪ್ ಗ್ರೂಪ್ ತೆಗೆದರೂ ಒಂದೇ ಮಾತು, ಗಮನಿಸಿದ್ದೀರಾ? “ಓದು ಬರಹ ಇಲ್ಲದವರ ಕೈಗೆ ಸ್ಟೇರಿಂಗ್ ಕೊಟ್ಟರೆ ಇನ್ನೇನಾಗುತ್ತೆ? ಎಸ್ಸೆಸ್ಸೆಲ್ಸಿ ಕಡ್ಡಾಯ ಮಾಡಿ.” ನಮ್ಮಪ್ಪ ಓದಿದ್ದು ನಾಲ್ಕನೇ ಕ್ಲಾಸು. ಹಾಗಾಗಿ ಈ ಮಾತು ನನಗೆ ಸ್ವಲ್ಪ ಜಾಸ್ತಿನೇ ಚುಚ್ಚುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಓದಿನ ನಿಯಮ ನಮ್ಮಲ್ಲಿ ಇತ್ತು. ಬಾಡಿಗೆ ಗಾಡಿ, ಲಾರಿ, ಬಸ್ಸಿನ ಲೈಸೆನ್ಸ್ ಬೇಕೆಂದರೆ 8ನೇ ತರಗತಿ ಪಾಸಾಗಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತಿತ್ತು. 2019ರಲ್ಲಿ ತೆಗೆದುಹಾಕಿದರು. ಕೈಯಲ್ಲಿ ಕಸುಬಿದ್ದೂ ಶಾಲೆಗೆ ಹೋಗದ ಬಡವರಿಗೆ ಕೆಲಸ ಸಿಗಲಿ, ಡ್ರೈವರ್‌ಗಳ ಕೊರತೆಯೂ ನೀಗಲಿ ಅಂದರು. ದೇಶದಲ್ಲಿ 22 ಲಕ್ಷ ಡ್ರೈವರ್‌ಗಳು ಕಡಿಮೆ ಇದ್ದಾರೆ ಎಂದು ಸಚಿವ ನಿತಿನ್ ಗಡ್ಕರಿ ಅವರೇ ಹೇಳಿದ್ದಾರೆ. ತೆಗೆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಎಂಟನೇ ಕ್ಲಾಸಿನ ಗಣಿತ ಶಿರಾಡಿ ಘಾಟಿಯಲ್ಲಿ ಬ್ರೇಕ್ ಹಿಡಿಯುವುದಿಲ್ಲ.

ಹಾಗಾದರೆ ಕಾನೂನು ಈಗ ಕೇಳುವುದೇನು? ವಯಸ್ಸು 20 ಆಗಿರಬೇಕು. ಕಾರಿನ ಲೈಸೆನ್ಸ್ ಕೈಗೆ ಬಂದು ಒಂದು ವರ್ಷವಾಗಿರಬೇಕು. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್, ಡಾಕ್ಟರ್ ಸಹಿ ಮಾಡಿದ ಫಾರಂ, ಆರ್‌ಟಿಓ ಟೆಸ್ಟು. ಜನರನ್ನು ಕೂರಿಸಿಕೊಂಡು ಹೋಗುವ ಬಸ್ಸಿಗೆ ನಮ್ಮಲ್ಲಿ ಇದರ ಜೊತೆ ಬ್ಯಾಡ್ಜೂ ಬೇಕು. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಮೊದಲು ಇದು 3 ವರ್ಷಕ್ಕೊಮ್ಮೆ ಇತ್ತು, 2019ರ ತಿದ್ದುಪಡಿಯಲ್ಲಿ ಐದು ಮಾಡಿದರು.

ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಅಪ್ಪನ ಹೆವಿ ಲೈಸೆನ್ಸ್ ಟೆಸ್ಟ್ ನಡೆದದ್ದು 1991ರಲ್ಲಿ. ಡ್ರೈವಿಂಗ್ ಸ್ಕೂಲಿನ ಖಾಲಿ ಲಾರಿ. ಮುಂದಕ್ಕೆ ನೂರು ಮೀಟರ್, ಹಿಂದಕ್ಕೆ ಒಂದಿಷ್ಟು, “ಸರಿ, ಇಳಿ, ಮುಂದಿನವರು ಬನ್ನಿ.” ಅಷ್ಟೇ. ಹತ್ತು ಟನ್ ಲೋಡು ಹಾಕಿಕೊಂಡು ಒಮ್ಮೆಯೂ ಬ್ರೇಕ್ ಒತ್ತಿಸಿ ನೋಡಲಿಲ್ಲ. ಹಾಗಂತ ಅಪ್ಪನಿಗೆ ಗಾಡಿ ಬರುತ್ತಿರಲಿಲ್ಲವಾ? ಚೆನ್ನಾಗಿಯೇ ಬರುತ್ತಿತ್ತು. ಅದಕ್ಕೆ ಮೊದಲು ಆರು ವರ್ಷ ಕ್ಲೀನರ್ ಆಗಿ ಎಡಗಡೆ ಸೀಟಿನಲ್ಲಿ ಕೂತಿದ್ದರಲ್ಲ.

ಆ ಎಡಗಡೆ ಸೀಟಿನ ಪಾಠ ಹೇಗಿರುತ್ತಿತ್ತು ಅಂದರೆ, ಒಂದು ಉದಾಹರಣೆ ಕೊಡುತ್ತೇನೆ. ಶಿರಾಡಿ ಘಾಟಿ, ರಾತ್ರಿ, ಮಂಗಳೂರಿನ ಕಡೆಗೆ ಇಳಿಯುತ್ತಿದ್ದಾರೆ. ಡ್ರೈವರಣ್ಣ ಸ್ಟೇರಿಂಗನ್ನು ಅಪ್ಪನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಿದ್ದಾರೆ. ಅದು ಕಾನೂನಿಗೆ ವಿರುದ್ಧವೇ, ನಾನೇನೂ ಸಮರ್ಥನೆ ಮಾಡುತ್ತಿಲ್ಲ. ಇಳಿಜಾರು ಬಂತು, ಅಪ್ಪ ಡೀಸೆಲ್ ಉಳಿಯಲಿ ಅಂತ ಗೇರು ತೆಗೆದು ನ್ಯೂಟ್ರಲ್‌ಗೆ ಹಾಕಿದರು. ತಲೆಗೆ ಒಂದು ಏಟು ಬಿತ್ತು. “ಡೀಸೆಲ್ ಆಮೇಲೆ ಉಳಿಸುವಂತೆ, ಮೊದಲು ಜೀವ ಉಳಿಸ್ಕೊ!”

ಏಟು ಯಾಕೆ ಬಿತ್ತು ಅಂತ ಅಪ್ಪ ನನಗೆ ಊಟದ ತಟ್ಟೆ ಇಟ್ಟುಕೊಂಡು ವಿವರಿಸಿದ್ದಾರೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ಹಳಬರ ಲೆಕ್ಕ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಅಷ್ಟೂ ಭಾರ ಬ್ರೇಕಿನ ಮೇಲೆ. ಚಕ್ರದ ಬ್ರೇಕ್ ಡ್ರಮ್ಮು ಕಾಯುತ್ತದೆ, ಕಾದಂತೆ ಹಿಗ್ಗುತ್ತದೆ, ಅದನ್ನು ಒತ್ತಿ ಹಿಡಿಯುವ ಲೈನರ್ ಹಿಡಿತ ಬಿಡುತ್ತದೆ. ಹೆದರಿ ಪೆಡಲನ್ನು ಮತ್ತೆ ಮತ್ತೆ ಒತ್ತಿದರೆ ಏರ್ ಬ್ರೇಕಿನ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ. ಹೊಗೆ, ಸುಟ್ಟ ವಾಸನೆ. ಮಾರನೇ ದಿನ ಪೇಪರಿನಲ್ಲಿ ‘ಬ್ರೇಕ್ ಫೇಲ್ ಆಗಿ ಲಾರಿ ಪಲ್ಟಿ’ ಅಂತ ಬರುತ್ತದೆ. ಹಾಗೆ ಬಂದ ಸುದ್ದಿ ಓದಿದಾಗಲೆಲ್ಲ ಅಪ್ಪ ಕೇಳುವುದು ಒಂದೇ ಪ್ರಶ್ನೆ: “ಗೇರಲ್ಲಿತ್ತಾ?”

ಕಾನೂನು ಯಾವತ್ತೂ ನಡೆಸದ ಶಾಲೆ ಅದು. ಸಂಬಳ ಕಡಿಮೆ, ಬೈಗುಳ ಜಾಸ್ತಿ, ನಿದ್ದೆ ಇಲ್ಲ. ಆದರೆ ಆರ್‌ಟಿಓ ಟೆಸ್ಟು ಅಷ್ಟು ಸಸಾರವಾಗಿದ್ದರೂ ಲಾರಿಗಳು ಊರು ಸೇರುತ್ತಿದ್ದದ್ದು ಆ ಶಾಲೆಯಿಂದ.

ಈಗ ಯಶವಂತಪುರದ ಟ್ರಕ್ ಟರ್ಮಿನಲ್ ಕಡೆ ಹೋಗಿ ನಿಂತ ಲಾರಿಗಳ ಎಡಗಡೆ ಸೀಟು ನೋಡಿ. ಬ್ಯಾಗು, ನೀರಿನ ಕ್ಯಾನು, ಚಿಕ್ಕ ಗ್ಯಾಸ್ ಸ್ಟೌವು. ಹುಡುಗ ಇಲ್ಲ. ಕಳೆದ ತಿಂಗಳು ನಾನು ಹೋದಾಗ ಟೀ ಅಂಗಡಿಯಲ್ಲಿ ಸಿಕ್ಕ ಏಳು ಡ್ರೈವರ್‌ಗಳಲ್ಲಿ ಕ್ಲೀನರ್ ಇದ್ದದ್ದು ಒಬ್ಬರಿಗೆ, ಅದೂ ಅವರ ತಂಗಿಯ ಮಗ. ಮಾಲೀಕರಿಗೆ ಒಂದು ಸಂಬಳ ಉಳಿಯಿತು. ಹುಡುಗರಿಗೆ ಪಾರ್ಸಲ್ ಡೆಲಿವರಿಯ ಬೈಕು ಇದೆ, ರಾತ್ರಿ ಮನೆಗೆ ಹೋಗಿ ಮಲಗಬಹುದು. ಇಬ್ಬರನ್ನೂ ತಪ್ಪು ಅನ್ನಲಾಗುವುದಿಲ್ಲ. ಆದರೆ ಶಾಲೆ ಮುಚ್ಚಿತು. ಉಳಿದದ್ದು ಖಾಲಿ ಲಾರಿಯ ನೂರು ಮೀಟರ್ ಟೆಸ್ಟು.

ಸರ್ಕಾರ ಸುಮ್ನೆ ಕೂತಿದೆ ಅಂತಲ್ಲ. 2021ರ ಜುಲೈನಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ ಜಾರಿಯಲ್ಲಿದೆ. ಭಾರಿ ವಾಹನಕ್ಕೆ 6 ವಾರದಲ್ಲಿ 38 ಗಂಟೆ ಪಾಠ. ಅಲ್ಲಿ ಪಾಸಾದರೆ ಆರ್‌ಟಿಓದಲ್ಲಿ ಮತ್ತೆ ಗಾಡಿ ಓಡಿಸಿ ತೋರಿಸಬೇಕಿಲ್ಲ. ಒಳ್ಳೆಯದೇ. ಆದರೆ ಅದು ಹೊಸದಾಗಿ ಲೈಸೆನ್ಸ್ ತೆಗೆದುಕೊಳ್ಳುವವರಿಗೆ, ಒಂದೇ ಸಲ. ಇಪ್ಪತ್ತೈದಕ್ಕೆ ಕಲಿತದ್ದರಲ್ಲೇ ಐವತ್ತೈದರವರೆಗೂ ಓಡಿಸುತ್ತಾ ಹೋಗಬಹುದು. ಮಧ್ಯದಲ್ಲಿ ಗಾಡಿಗಳೇ ಬದಲಾಗಿಹೋಗಿರುತ್ತವೆ.

ಬ್ರಿಟನ್, ಯುರೋಪಿನಲ್ಲಿ ಬೇರೆ ಥರ, ಲೈಸೆನ್ಸ್ ಬಂದ ಮೇಲೂ ಪಾಠ ಮುಗಿಯುವುದಿಲ್ಲ. ಈ ನಿಯಮ ಯುರೋಪಿನ 2003ರ ಒಂದು ನಿರ್ದೇಶನದಿಂದ ಶುರುವಾದದ್ದು. ಬ್ರಿಟನ್ನಿನಲ್ಲಿ ಬಸ್ ಚಾಲಕರಿಗೆ 2008ರಿಂದ, ಲಾರಿಯವರಿಗೆ 2009ರಿಂದ ಜಾರಿಯಾಯಿತು. ಕಸುಬಿಗಾಗಿ ಓಡಿಸುವವರು ಲೈಸೆನ್ಸಿನ ಜೊತೆ ಇನ್ನೊಂದು ಅರ್ಹತಾ ಕಾರ್ಡು ಇಟ್ಟುಕೊಳ್ಳಬೇಕು. ಹೊಸಬರು ಗಾಡಿಯ ಸುತ್ತ ನಡೆದು ಏನೇನು ನೋಡಬೇಕು, ಲೋಡು ಜಾರದ ಹಾಗೆ ಹೇಗೆ ಕಟ್ಟಬೇಕು ಅನ್ನುವುದನ್ನೆಲ್ಲ ಪರೀಕ್ಷಕರ ಮುಂದೆ ತೋರಿಸಬೇಕು. ಅಪ್ಪನ ರಾಡಿನ ಪಾಠವೇ ಅಲ್ವಾ ಅದು, ಕೋಟು ಹಾಕಿಕೊಂಡು ಬಂದಿದೆ ಅಷ್ಟೇ! ಆಮೇಲೆ ಪ್ರತಿ 5 ವರ್ಷಕ್ಕೆ 35 ಗಂಟೆ ತರಬೇತಿ.

ಅದನ್ನೇ ಇಲ್ಲಿಗೂ ತನ್ನಿ ಅಂತ ಹೇಳಲು ನನಗೆ ಧೈರ್ಯ ಸಾಲದು. ಆ 35 ಗಂಟೆಯ ಕೊನೆಯಲ್ಲಿ ಪರೀಕ್ಷೆ ಇಲ್ಲ. ಹಾಜರಿ ಹಾಕಿ ಕೂತರೆ ಸಾಕು. ಇಲ್ಲಿ ಅದು ಬಂದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆರ್‌ಟಿಓ ಎದುರಿನ ಜೆರಾಕ್ಸ್ ಅಂಗಡಿಯಲ್ಲೇ 35 ಗಂಟೆ ಮುಗಿದುಹೋಗುತ್ತದೆ.

ಉತ್ಪ್ರೇಕ್ಷೆ ಅನ್ನಬೇಡಿ. ಅಪ್ಪನ ಕೊನೆಯ ನವೀಕರಣಕ್ಕೆ ನಾನೇ ಜೊತೆಗೆ ಹೋಗಿದ್ದೆ. ವೈದ್ಯರು ತುಂಬುವ ಆ ಫಾರಂನಲ್ಲಿ ಒಳ್ಳೆಯ ಪ್ರಶ್ನೆಗಳೇ ಇವೆ. 25 ಮೀಟರ್ ದೂರದ ನಂಬರ್ ಪ್ಲೇಟ್ ಓದಬಲ್ಲರಾ? ಕೆಂಪು ಹಸಿರು ಬೇರೆ ಮಾಡಬಲ್ಲರಾ? ಇರುಳುಗಣ್ಣು ಇದೆಯಾ? ವೈದ್ಯರು ತಲೆ ಎತ್ತದೆ, “ಏನೂ ತೊಂದರೆ ಇಲ್ಲ ಅಲ್ವಾ?” ಅಂದರು. ಅಪ್ಪ, “ಇಲ್ಲ ಸಾರ್” ಅಂದರು. ಸೀಲು ಬಿತ್ತು. ಅಪ್ಪನ ಬಲಗಣ್ಣಿನಲ್ಲಿ ಆಗಲೇ ಪೊರೆ ಬಂದಿತ್ತು. ನನಗೂ ಗೊತ್ತಿತ್ತು, ನಾನೂ ಬಾಯಿ ಬಿಡಲಿಲ್ಲ. ಮನೆ ನಡೆಯುತ್ತಿದ್ದದ್ದೇ ಆ ಲೈಸೆನ್ಸಿನಿಂದ. ಐದು ತಿಂಗಳಿಗೆ, ದಾಬಸ್‌ಪೇಟೆ ಹತ್ತಿರ ರಾತ್ರಿ, ಎದುರಿನ ಲೈಟಿಗೆ ಕಣ್ಣು ಕತ್ತಲಾಗಿ, ರಸ್ತೆ ಬದಿ ನಿಂತಿದ್ದ ಟ್ರಾಕ್ಟರಿನ ಟ್ರೇಲರ್‌ಗೆ ಲಾರಿಯ ಎಡಗಡೆ ತಾಗಿತು. ಟ್ರಾಕ್ಟರಿನವರು ಟೀ ಕುಡಿಯಲು ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ. ಅಪ್ಪ ಬೆಳಗ್ಗೆ ಮನೆಗೆ ಬಂದು ಕೀ ಮಾಲೀಕರಿಗೆ ಕೊಟ್ಟುಬಿಡು ಅಂತ ನನ್ನ ಕೈಗಿಟ್ಟರು.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ತರಗತಿ ಬೇಡ, ಗಾಡಿಯ ಮೇಲೆ ಪಾಠ ಬೇಕು. ಲೋಡು ಹಾಕಿದ ಗಾಡಿ, ಇಳಿಜಾರು, ಮಳೆ ಬಿದ್ದ ರಸ್ತೆ. ನಮ್ಮ ಕಾನೂನಿಗೆ ಇಂಥದ್ದನ್ನು ಕೇಳಲು ಬರುವುದಿಲ್ಲ ಅಂತೇನಿಲ್ಲ. ಪೆಟ್ರೋಲ್, ಗ್ಯಾಸ್, ಆಸಿಡ್ ಟ್ಯಾಂಕರ್ ಓಡಿಸುವವರಿಗೆ ಪ್ರತ್ಯೇಕವಾಗಿ 3 ದಿನದ ತರಬೇತಿ ಇದೆ, ಆ ಲೈಸೆನ್ಸ್ ನಡೆಯುವುದೂ 3 ವರ್ಷ ಮಾತ್ರ. ಪೆಟ್ರೋಲಿಗೆ ಸಿಕ್ಕ ಮರ್ಯಾದೆ ಸ್ಲೀಪರ್ ಬಸ್ಸಿನಲ್ಲಿ ಮಲಗಿರುವ ಮೂವತ್ತು ನಲವತ್ತು ಜನರಿಗೆ ಸಿಕ್ಕಿಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. 2025ರ ಅಕ್ಟೋಬರ್‌ನಲ್ಲಿ ಕರ್ನೂಲಿನ ಹತ್ತಿರ, ಅದೇ ಹೆದ್ದಾರಿ, ಮತ್ತೆ ಬೆಂಕಿ. ಹೊಗೆ ಕಂಡ ಮೊದಲ ನಿಮಿಷದಲ್ಲಿ ಏನು ಮಾಡಬೇಕು, ಯಾವ ಗಾಜು ಒಡೆಯಬೇಕು, ಮಲಗಿದವರನ್ನು ಹೇಗೆ ಎಬ್ಬಿಸಬೇಕು ಅನ್ನುವುದನ್ನು ಖಾಸಗಿ ಬಸ್ಸಿನ ಡ್ರೈವರ್‌ಗೆ ಕೈ ಹಿಡಿದು ಕಲಿಸುವವರು ಯಾರು? ಸಾರಿಗೆ ನಿಗಮಗಳಿಗಾದರೆ ಸ್ವಂತ ತರಬೇತಿ ಕೇಂದ್ರಗಳಿವೆ, ಅಪಘಾತ ಮಾಡದವರಿಗೆ ಪದಕವನ್ನೂ ಕೊಡುತ್ತಾರೆ.

ನಮ್ಮ ಊರಿನ ಎಲೆಕ್ಟ್ರಿಕ್ ಬಸ್ಸುಗಳನ್ನೇ ನೋಡಿ. ಬಿಎಂಟಿಸಿ ಬಣ್ಣ, ಬಿಎಂಟಿಸಿ ಕಂಡಕ್ಟರ್, ಆದರೆ ಡ್ರೈವರ್ ಗುತ್ತಿಗೆ ಕಂಪನಿಯವರು. ಡೀಸೆಲ್ ಬಸ್ಸು ಮುಕ್ಕರಿದು ಮುಕ್ಕರಿದು ಹೊರಡುತ್ತದೆ. ಎಲೆಕ್ಟ್ರಿಕ್ ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಶಕ್ತಿ ಕೊಡುತ್ತದೆ. ಹಳೇ ಅಭ್ಯಾಸದಲ್ಲಿ ಕಾಲು ಒತ್ತಿದರೆ ಬಸ್ಸು ನೆಗೆಯುತ್ತದೆ. ಸದ್ದೂ ಇಲ್ಲ, ಮುಂದೆ ರಸ್ತೆ ದಾಟುತ್ತಿರುವ ಅಜ್ಜಿಗೆ ಬಸ್ಸು ಬಂದದ್ದೇ ಗೊತ್ತಾಗುವುದಿಲ್ಲ. ಡೀಸೆಲ್ ಓಡಿಸಿ ಬಂದವರನ್ನು ಎಷ್ಟು ದಿನ ಈ ಬಸ್ಸಿನಲ್ಲಿ ಪಳಗಿಸಿ ರಸ್ತೆಗೆ ಬಿಡಬೇಕು? ಲೈಸೆನ್ಸಿನಲ್ಲಿ ಎರಡಕ್ಕೂ ಒಂದೇ ವರ್ಗ.

ಇನ್ನು ನಿದ್ದೆ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಮಾತ್ರ ಕೆಲಸ ಎಂದಿತ್ತು, 5 ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಎಂದಿತ್ತು. ಅಪ್ಪನಿಗೆ ಇದನ್ನು ಓದಿ ಹೇಳಿದೆ. ತುಂಬಾ ಹೊತ್ತು ನಕ್ಕರು.

ಬ್ರಿಟನ್ನಿನ 35 ಗಂಟೆಯ ಕಥೆಯನ್ನೂ ಹೇಳಿದೆ. ಕೇಳಿಸಿಕೊಂಡು ಅಪ್ಪ ಒಂದೇ ಮಾತು ಕೇಳಿದರು: “ಕೂತ ದಿನಕ್ಕೆ ಬ್ಯಾಟಾ ಕೊಡ್ತಾರೇನೋ ಮಗಾ?” ಬ್ಯಾಟಾ ಅಂದರೆ ಗೊತ್ತಲ್ಲ, ಲೈನಿಗೆ ಹೋದ ದಿನದ ಊಟ ತಿಂಡಿಯ ಖರ್ಚು. ನಾನು ಇಷ್ಟು ದಿನ ಓದಿದ್ದರಲ್ಲಿ ಈ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ. ಗಾಡಿ ನಿಂತರೆ ಡ್ರೈವರ್‌ಗೆ ಸಂಪಾದನೆ ಇಲ್ಲ. ತರಬೇತಿಯ ದಿನದ ಸಂಬಳ, ಬ್ಯಾಟಾ ಮಾಲೀಕರೇ ಕೊಡಬೇಕು ಅಂತ ಬರೆಯದಿದ್ದರೆ ಎಂಥ ಒಳ್ಳೆ ನಿಯಮ ತಂದರೂ ಡ್ರೈವರ್‌ಗಳು ಜೆರಾಕ್ಸ್ ಅಂಗಡಿಗೇ ಹೋಗುತ್ತಾರೆ. ಹೋಗದೆ ಇನ್ನೇನು ಮಾಡುತ್ತಾರೆ?

ನಿಮ್ಮ ಮನೆಯಲ್ಲಿ ಲಾರಿ, ಬಸ್ಸು ಓಡಿಸುವವರಿದ್ದರೆ ಕೇಳಿ ನೋಡಿ: ಲೈಸೆನ್ಸ್ ಬಂದ ಮೇಲೆ ಯಾರಾದರೂ ಏನಾದರೂ ಕಲಿಸಿದರಾ ಅಂತ. ಉತ್ತರವನ್ನು ಕೆಳಗೆ ಬರೆಯಿರಿ. ಮುಂದಿನ ವಾರ ಅಪ್ಪನನ್ನೇ ಈ ಮೈಕಿನ ಮುಂದೆ ಕೂರಿಸಬೇಕು ಅಂತಿದ್ದೇನೆ. ಬರುತ್ತೇನೆ ಅಂದಿದ್ದಾರೆ. ರಾಡು ತರುತ್ತಾರಂತೆ. ಒಂದು ದಿನದ ಬ್ಯಾಟಾ ಕೇಳಿದ್ದಾರೆ.