ಕಾಗೆಬಂಗಾರಕ್ಕೊಂದು ಚೀಟಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗಿನ ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೆಲಸ ಮಾಡುತ್ತಿರುವವರನ್ನು ಕಣ್ಣಮುಂದೆ ತಂದುಕೊಂಡು ಮಾತಾಡುತ್ತಿದ್ದೇನೆ. ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿರುವ ತಾಯಿ. ಷಟರ್ ಎತ್ತಿ ಅಂಗಡಿ ಗುಡಿಸುತ್ತಿರುವ ಮಿಕ್ಸಿ ರಿಪೇರಿಯವರು. ಡೇರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕಾಫಿ ಕುಡಿಯುತ್ತಿರುವ ರೈತರು. ನಿಮಗೆಲ್ಲ ಸಂಬಂಧಪಟ್ಟ ಒಂದು ಖನಿಜದ ವಿಷಯ ಹೇಳಬೇಕು. ಪಾಠಪುಸ್ತಕದಲ್ಲಿ ಅದಕ್ಕೆ ಅಭ್ರಕ ಅಂತಾರೆ, ಅಂಗಡಿಯಲ್ಲಿ ಮೈಕಾ ಅಂತಾರೆ. ನಮ್ಮೂರ ಮಕ್ಕಳ ಬಾಯಲ್ಲಿ ಅದು ಕಾಗೆಬಂಗಾರ.

ನಮ್ಮೂರು ಹೊಳೆನರಸೀಪುರದ ಕಡೆ. ಮಳೆ ಹೊಯ್ದು ನಿಂತ ಮೇಲೆ ಬೋರೆಗೆ ಹೋದರೆ ಕೆಮ್ಮಣ್ಣಿನ ತುಂಬ ಮಿಣಮಿಣ. ಚಕ್ಕೆಗಳನ್ನು ಆಯ್ದು ತಂದು ನವಿಲುಗರಿಯ ಜೊತೆ ಪುಸ್ತಕದೊಳಗೆ ಇಡುತ್ತಿದ್ದೆವು. ಅಂಚಿಗೆ ಉಗುರು ಕೊಟ್ಟು ಎಬ್ಬಿಸಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಡುತ್ತದೆ. ಬಿಡಿಸಿದಷ್ಟೂ ಒಳಗೆ ಇನ್ನೊಂದು ಪದರ. ನಾನು ಭೂವಿಜ್ಞಾನ ಓದಿದ್ದು ಆ ಚಕ್ಕೆಯ ದೆಸೆಯಿಂದ.

ಇದರ ಗುಣ ಎರಡೇ ಎರಡು, ನೆನಪಿಟ್ಟುಕೊಳ್ಳಿ. ಕರೆಂಟನ್ನು ಹರಿಯಗೊಡುವುದಿಲ್ಲ. ಕಾವಿಗೆ ಜಗ್ಗುವುದಿಲ್ಲ. ಪ್ಲಾಸ್ಟಿಕ್ ಕರೆಂಟನ್ನು ತಡೆಯುತ್ತದೆ, ಕಾವಿಗೆ ಕರಗಿಹೋಗುತ್ತದೆ. ತಾಮ್ರ ಕಾವು ತಾಳುತ್ತದೆ, ಕರೆಂಟನ್ನು ಬಿಟ್ಟುಕೊಡುತ್ತದೆ. ಕರೆಂಟನ್ನು ತಡೆದು ಕಾವನ್ನೂ ತಾಳುವುದು ಅಭ್ರಕ. ಇಸ್ತ್ರಿ ಪೆಟ್ಟಿಗೆ ಕೆಟ್ಟಾಗ ರಿಪೇರಿಯವರು ಬಿಚ್ಚಿ ಎಲಿಮೆಂಟ್ ತೆಗೆಯುವುದನ್ನು ನೋಡಿದ್ದೀರಿ. ಚಪ್ಪಟೆ ತಂತಿಯನ್ನು ಹೊಳೆಯುವ ಹಾಳೆಯೊಂದಕ್ಕೆ ಸುತ್ತಿ, ಮೇಲೊಂದು ಕೆಳಗೊಂದು ಹಾಳೆ ಮುಚ್ಚಿರುತ್ತಾರೆ. ಆ ಹಾಳೆಯೇ ಕಾಗೆಬಂಗಾರ. ತಂತಿ ಕೆಂಪಗೆ ಕಾದರೂ ಕರೆಂಟು ನಿಮ್ಮ ಕೈಗೆ ಬಾರದ ಹಾಗೆ ನಡುವೆ ನಿಂತಿರುವುದು ಅದು. ಕೂದಲು ಒಣಗಿಸುವ ಡ್ರೈಯರ್, ಬ್ರೆಡ್ ಟೋಸ್ಟರ್, ಮೈಕ್ರೋವೇವ್ ಒಲೆಯ ಒಳಗೋಡೆಗೆ ಅಂಟಿಸಿರುವ ರಟ್ಟಿನಂಥ ತುಂಡು, ಈಗ ಬಂದಿರುವ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ ಬೆಂಕಿ ಹರಡದಂತೆ ಇಡುವ ಹಾಳೆ, ಎಲ್ಲ ಕಡೆ ಇದೇ. ಅಡಿಗೆಮನೆ ಕಟ್ಟೆಗೆ, ಬೀರುವಿಗೆ ಅಂಟಿಸುವ ಸನ್‌ಮೈಕಾ ಬೇರೆ, ಅದು ಕಾಗದ ಮತ್ತು ಅಂಟು. ಹೆಸರು ಕೇಳಿ ಮೋಸಹೋಗಬೇಡಿ.

ರೇಡಿಯೋಗಂತೂ ಅಭ್ರಕ ಹುಟ್ಟಿನಿಂದಲೇ ಬಂದ ನಂಟು. ನಮ್ಮ ತಂದೆಯವರ ಹತ್ತಿರ ವಾಲ್ವ್ ರೇಡಿಯೋ ಇತ್ತು. ಹಾಕಿದ ಮೇಲೆ ಕಾಯ್ದು, ಬಿಸಿಯಾಗಿ, ಆಮೇಲೆ ದನಿ ಬರುವಂಥದ್ದು. ಒಡೆದ ವಾಲ್ವ್ ಒಂದು ನನ್ನ ಕೈಗೆ ಸಿಕ್ಕಿತ್ತು. ಗಾಜಿನೊಳಗೆ ಮೇಲೊಂದು ಕೆಳಗೊಂದು ಪುಟ್ಟ ಬಿಲ್ಲೆ, ಬಿಲ್ಲೆಯಲ್ಲಿ ಸೂಜಿ ತೂರುವಷ್ಟು ಸಣ್ಣ ಸಣ್ಣ ತೂತು, ತೂತಿನಲ್ಲಿ ತಂತಿಗಳು ನೆಟ್ಟಗೆ ನಿಂತಿದ್ದವು. ಬಿಲ್ಲೆಗೆ ಉಗುರು ಕೊಟ್ಟೆ. ಪದರ ಬಿಟ್ಟಿತು! ಬೋರೆ ಮೇಲಿನ ಕಾಗೆಬಂಗಾರ ರೇಡಿಯೋದೊಳಗೆ ಕೂತಿತ್ತು.

ಅದೇ ರೇಡಿಯೋದಲ್ಲಿ ಹಿಂದಿ ಹಾಡಿನ ಕಾರ್ಯಕ್ರಮ ಬರುತ್ತಿತ್ತು. ಹಿರಿಯರಿಗೆ ನೆನಪಿರುತ್ತದೆ. ರೇಡಿಯೋ ಸಿಲೋನ್, ವಿವಿಧ ಭಾರತಿ. ಹಾಡಿಗೆ ಮೊದಲು ಕೋರಿಕೆ ಕಳಿಸಿದವರ ಹೆಸರು ಓದುವಾಗ ಒಂದು ಊರು ತಪ್ಪದೆ ಬರುತ್ತಿತ್ತು: ಝುಮ್ರಿ ತಲೈಯಾ. ಅಂಥ ಊರೇ ಇಲ್ಲ, ಹಾಸ್ಯಕ್ಕೆ ಕಟ್ಟಿದ ಹೆಸರು ಅಂತ ವಾದ ಮಾಡುವವರಿದ್ದರು. ಇದೆ. ಝಾರ್ಖಂಡ್‌ನ ಕೊಡರ್ಮಾ ಜಿಲ್ಲೆಯಲ್ಲಿದೆ. ಆ ಕೊಡರ್ಮಾ, ಪಕ್ಕದ ಗಿರಿಡಿ, ಬಿಹಾರದ ನವಾಡಾ ಸೇರಿದರೆ ಅದೇ ನಮ್ಮ ದೇಶದ ಅಭ್ರಕದ ಸೀಮೆ. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವೈರ್‌ಲೆಸ್‌ಗಳೂ ವಿಮಾನಗಳೂ ಇಲ್ಲಿನ ಕೆಂಪು ಛಾಯೆಯ ಅಭ್ರಕವನ್ನು ನೆಚ್ಚಿಕೊಂಡಿದ್ದವು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಊರಲ್ಲಿ ದುಡ್ಡಿತ್ತು, ಬಿಡುವಿತ್ತು. ವ್ಯಾಪಾರಿಗಳು ಕಟ್ಟುಗಟ್ಟಲೆ ಕಾರ್ಡು ಬರೆದು ಹಾಡು ಕೇಳುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ ಆ ಊರಿಗೆ ಹೋದೆ. ಅಲ್ಲಿನ ಬಂಡೆಗಳನ್ನು ನೋಡುವ ಆಸೆ ನನಗೆ ಕಾಲೇಜು ದಿನಗಳಿಂದ ಇತ್ತು. ಕೊಡರ್ಮಾ ಸ್ಟೇಷನ್ನಿನಲ್ಲಿ ಇಳಿದು, ಪರಿಚಯದ ಮೇಷ್ಟ್ರೊಬ್ಬರ ಮೋಟಾರ್ ಬೈಕಿನ ಹಿಂದೆ ಕೂತು ಸಾಲ್ ಮರಗಳ ಕಾಡಿಗೆ ಹೊರಟೆ. ದಾರಿಯೇ ಹೊಳೆಯುತ್ತದೆ. ಬೈಕಿನ ಚಕ್ರಕ್ಕೆ, ಚಪ್ಪಲಿಗೆ, ಹಸುವಿನ ಗೊರಸಿಗೆ ಬೆಳ್ಳಿಯ ಹುಡಿ ಮೆತ್ತಿಕೊಂಡಿರುತ್ತದೆ. ನನಗೆ ಎಳೆ ಮಗುವಿಗಾಗುವಷ್ಟು ಸಂತೋಷವಾಗಿತ್ತು.

ಗುಡ್ಡದ ಮಗ್ಗುಲಲ್ಲಿ ಒಂದು ಬಿಲ. ಆಳು ಕುಕ್ಕರುಗಾಲಲ್ಲಿ ತೂರುವಷ್ಟೇ ಬಾಯಿ. ಆಸರೆಗೆ ಒಂದು ಮರದ ತುಂಡೂ ಕೊಟ್ಟಿರಲಿಲ್ಲ. ಬಾಯಿಯ ಮುಂದೆ ಒಂಬತ್ತೋ ಹತ್ತೋ ವರ್ಷದ ಹುಡುಗಿ ಕೂತು ಜರಡಿ ಆಡಿಸುತ್ತಿದ್ದಳು. ಮಣ್ಣು ಕೆಳಗಿಳಿದು ಚಕ್ಕೆ ಮೇಲುಳಿಯುತ್ತಿತ್ತು, ಅದನ್ನು ಬುಟ್ಟಿಗೆ ಹಾಕುತ್ತಿದ್ದಳು. ಇದಕ್ಕೆ ಅಲ್ಲಿ ಢಿಬರಾ ಅಂತಾರೆ, ಹಳೇ ಗಣಿಗಳ ಸುತ್ತ ಉಳಿದ ಚೂರು ಅಭ್ರಕ. ಅವಳ ರೆಪ್ಪೆಯ ಮೇಲೂ ಹುಡಿ ಮಿನುಗುತ್ತಿತ್ತು. ಬೆರಳ ತುದಿಗಳಲ್ಲಿ ಮಾತ್ರ ಹೊಳಪಿರಲಿಲ್ಲ. ಚಕ್ಕೆಯ ಅಂಚು ಬ್ಲೇಡಿನಂತಿರುತ್ತದೆ, ಕೊಯ್ದು ಕೊಯ್ದು ಚರ್ಮ ಕಪ್ಪಗೆ ದಡ್ಡುಗಟ್ಟಿತ್ತು.

ನನ್ನ ಹರುಕು ಹಿಂದಿಯಲ್ಲಿ ಕೇಳಿದೆ: "ಶಾಲೆಗೆ ಹೋಗೋದಿಲ್ವೇನಮ್ಮ?"

"ಬುಟ್ಟಿ ತುಂಬಿದ ದಿನ ಹೋಗ್ತೀನಿ ಚಾಚಾ."

ಅವಳ ತಾಯಿ ಬಿಲದಿಂದ ಹಿಂದು ಹಿಂದಾಗಿ ತೆವಳಿಕೊಂಡು ಬಂದರು, ತಲೆ ಮೇಲೆ ಮಣ್ಣಿನ ತಟ್ಟೆ. ನನ್ನನ್ನು ನೋಡಿ ಹೆದರಿದರು. ಅರಣ್ಯ ಇಲಾಖೆಯವನು ಅಂದುಕೊಂಡರಂತೆ. ಮೇಷ್ಟ್ರು ಸಮಾಧಾನ ಹೇಳಿದ ಮೇಲೆ ಕೂತು ನೀರು ಕುಡಿದರು. ಸಂಜೆಯ ಹೊತ್ತಿಗೆ ಸೈಕಲ್ಲಿನಲ್ಲಿ ಒಬ್ಬ ಬಂದ. ಕೊಕ್ಕೆ ತಕ್ಕಡಿಗೆ ಬುಟ್ಟಿ ಸಿಕ್ಕಿಸಿ ಎತ್ತಿ ಹಿಡಿದು ಒಂದು ಸಂಖ್ಯೆ ಹೇಳಿದ. ಕಿಲೋಗೆ ಇಷ್ಟು ಅಂತ ನಾಲ್ಕಾರು ರೂಪಾಯಿಯ ಲೆಕ್ಕದಲ್ಲಿ ನೋಟು ಎಣಿಸಿ ಕೊಟ್ಟ. ಬುಟ್ಟಿಯ ಮಾಲು ಅವನ ಚೀಲಕ್ಕೆ ಹೋಯಿತು.

ನಾನು ಕೇಳಿದೆ: "ಇವರಿಗೆ ಚೀಟಿ ಕೊಡೋದಿಲ್ವಾ?"

ಅವನು ನನ್ನ ಮುಖ ನೋಡಿದ. "ಚೀಟಿ ಬರೆದರೆ ಮಾಲು ಯಾವ ಗಣಿಯದು ಅಂತ ಬರೀಬೇಕು ಸಾಬ್. ಇಲ್ಲಿ ಗಣಿಯೇ ಇಲ್ಲ."

ಬಿಲದ ಬಾಯಿಗೆ ನಾಲ್ಕು ಮಾರು ದೂರದಲ್ಲಿ ನಿಂತು ಆಡಿದ ಮಾತು ಅದು. ಅವನು ಹೇಳಿದ್ದು ಸುಳ್ಳಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅದೇ ಕಾಲಕ್ಕೆ ಅಭ್ರಕಕ್ಕೆ ಬದಲಿ ವಸ್ತುಗಳೂ ಬಂದವು. ಒಂದು ಕಾಲಕ್ಕೆ 700ಕ್ಕೂ ಹೆಚ್ಚು ಗಣಿ, 20,000ಕ್ಕೂ ಮೇಲ್ಪಟ್ಟು ಕಾರ್ಮಿಕರಿದ್ದ ಉದ್ಯಮ ಬಹುಪಾಲು ಬಾಗಿಲು ಹಾಕಿತು. ಗಣಿ ಮುಚ್ಚಿತು, ಹಸಿವು ಮುಚ್ಚಲಿಲ್ಲ. ಜನ ಹಾರೆ ಹಿಡಿದು ಹಳೇ ಗುಂಡಿಗೇ ಇಳಿದರು. ಈಗ ಕಾಗದದಲ್ಲಿ ಗಣಿ ಇಲ್ಲ, ಆದ್ದರಿಂದ ಗಣಿಯಲ್ಲಿ ಮಕ್ಕಳಿಲ್ಲ, ಗಣಿ ಕುಸಿದು ಸತ್ತವರೂ ಇಲ್ಲ. 2016ರಲ್ಲಿ ಪತ್ರಕರ್ತರು ಹೋಗಿ ಹುಡುಕಿದಾಗ ಎರಡೇ ತಿಂಗಳಲ್ಲಿ ಏಳು ಮಕ್ಕಳು ಸತ್ತಿದ್ದು ಗೊತ್ತಾಯಿತು. ದೂರು ಕೊಟ್ಟರೆ ಇರುವ ಕೂಲಿಯೂ ಹೋಗುತ್ತದೆ ಅಂತ ಮನೆಯವರು ಬಾಯಿ ಬಿಡುವುದಿಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2018ರಲ್ಲಿ ಸಮೀಕ್ಷೆ ಮಾಡಿಸಿದಾಗ ಝಾರ್ಖಂಡ್‌ನ ಅಭ್ರಕದ ಸೀಮೆಯಲ್ಲಿ 6ರಿಂದ 14 ವರ್ಷದ 4,545 ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ.

ಇನ್ನೊಂದು ಲೆಕ್ಕ ಕೇಳಿ. 2013-14ರಲ್ಲಿ ದೇಶದಲ್ಲಿ ಅಗೆದದ್ದು ಅಂತ ಸರ್ಕಾರದ ಪುಸ್ತಕದಲ್ಲಿರುವ ಅಭ್ರಕ ಸುಮಾರು 19,000 ಟನ್. ಹಡಗು ಹತ್ತಿ ಹೊರದೇಶಕ್ಕೆ ಹೋದದ್ದು ಸುಮಾರು 1,28,000 ಟನ್. ಹತ್ತು ಸೇರು ಅಳೆದು ತಂದ ಮನೆಯಿಂದ ಅರವತ್ತೇಳು ಸೇರು ಮಾರಾಟವಾದರೆ ನೀವು ಏನು ಕೇಳುತ್ತೀರಿ? ಉಳಿದದ್ದು ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಆ ಹುಡುಗಿಯ ಬುಟ್ಟಿಯಿಂದ ಬಂತು.

ಈಗ ನಾನು ಹೇಳಬೇಕೆಂದಿರುವ ಮಾತು. ಚೀಟಿ ಬೇಕು. ಬುಟ್ಟಿ ತೂಗಿದ ಜಾಗದಲ್ಲೇ ಚೀಟಿ ಬೇಕು.

ಹಾಲು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಲೀಟರ್ ಹಾಲು ಡೇರಿಗೆ ಒಯ್ದರೂ ಅಳತೆ, ಫ್ಯಾಟ್ ಎಷ್ಟು, ದರ ಎಷ್ಟು, ಎಲ್ಲ ಬರೆದು ಕೊಡುತ್ತಾರೆ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ದರೆ ನಿಮ್ಮ ಲಾಟಿಗೆ ನಂಬರ್ ಬೀಳುತ್ತದೆ, ಹರಾಜಿನ ಬೆಲೆ ದಾಖಲಾಗುತ್ತದೆ. ಮೋಸವಾದರೆ ಹಿಡಿದು ಕೇಳಲು ಕೈಯಲ್ಲಿ ಕಾಗದ ಇರುತ್ತದೆ. ಚೀಟಿ ಇದ್ದ ಕಡೆ ಬೆಲೆ ಕೇಳಬಹುದು. ಚೀಟಿ ಇದ್ದ ಕಡೆ ಈ ಮಾಲು ತೆಗೆದವರು ಯಾರು, ಎಷ್ಟು ವಯಸ್ಸು ಅಂತ ಕೇಳಬಹುದು. ಲಕ್ಷಗಟ್ಟಲೆ ರೂಪಾಯಿಯ ಕಾರಿನೊಳಗೆ ಕೂರುವ ವಸ್ತುವಿಗೆ ಒಂದು ಲೀಟರ್ ಹಾಲಿಗಿರುವ ಮರ್ಯಾದೆಯಾದರೂ ಬೇಡವೇ?

ಪಟ್ಟಣದ ವಿದ್ಯಾವಂತರು ನನಗೆ ಹೇಳುವುದುಂಟು: "ಸಾರ್, ಅಂಥ ಅಭ್ರಕ ಕೊಳ್ಳೋದನ್ನೇ ನಿಲ್ಲಿಸಿಬಿಟ್ಟರೆ ಸರಿಹೋಗುತ್ತೆ." ಸರಿಹೋಗುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಮಾತು ಮತ್ತೆ ಬರುತ್ತದೆ, ಅದಕ್ಕೇ ಇವತ್ತು ರೇಡಿಯೋದಲ್ಲೇ ಹೇಳುತ್ತಿದ್ದೇನೆ. 1980ರಿಂದ ಮುಚ್ಚಿ ನೋಡಿದ್ದೇವೆ. ಕೊಳ್ಳುವವರು ಕಡಿಮೆಯಾದರೆ ದರ ಬೀಳುತ್ತದೆ. ದರ ಬಿದ್ದರೆ ಒಂದು ಬುಟ್ಟಿಯ ಜಾಗದಲ್ಲಿ ಎರಡು ಬುಟ್ಟಿ ತುಂಬಬೇಕು. ಎರಡನೇ ಬುಟ್ಟಿ ತುಂಬಲು ತಮ್ಮನನ್ನೂ ಕರೆದುಕೊಂಡು ಬರುತ್ತಾಳೆ ಆ ಹುಡುಗಿ. ಕೊಳ್ಳಬೇಕು. ಸರಿಯಾದ ಬೆಲೆ ಕೊಟ್ಟು, ದೊಡ್ಡವರ ಕೈಯಿಂದ, ಆಸರೆ ಕೊಟ್ಟ ಗಣಿಯಿಂದ, ಚೀಟಿ ಹಾಕಿಸಿ ಕೊಳ್ಳಬೇಕು.

ಸರ್ಕಾರ ಏನೂ ಮಾಡಿಲ್ಲ ಅನ್ನುವಂತಿಲ್ಲ. 2015ರಲ್ಲಿ ಅಭ್ರಕವನ್ನು ಮರಳು, ಜಲ್ಲಿಯ ಸಾಲಿನ ಉಪಖನಿಜ ಮಾಡಿದ್ದರು. 2025ರ ಫೆಬ್ರವರಿಯಲ್ಲಿ ಮತ್ತೆ ಪ್ರಧಾನ ಖನಿಜದ ಪಟ್ಟಿಗೆ ಸೇರಿಸಿದ್ದಾರೆ. ಅಭ್ರಕ ಸಿಗುವ ಬಂಡೆಯಲ್ಲಿ ಲಿಥಿಯಂನಂಥ ಬೆಲೆಬಾಳುವ ಲೋಹಗಳೂ ಇರುತ್ತವೆ, ಅದಕ್ಕೆ. ಇನ್ನು ಗಣಿ ಗುತ್ತಿಗೆ ಹಿಡಿದವರು ಭಾರತೀಯ ಗಣಿ ಬ್ಯೂರೋದಲ್ಲಿ ನೋಂದಾಯಿಸಬೇಕು, ಲೆಕ್ಕ ಒಪ್ಪಿಸಬೇಕು. ಒಳ್ಳೆಯದೇ. ಆದರೆ ಗುತ್ತಿಗೆ ಇರುವವರಿಗೆ ಲೆಕ್ಕ ಬಂತು, ಢಿಬರಾ ಆಯುವ ತಾಯಿಗೆ ಚೀಟಿ ಬರಲಿಲ್ಲ. ಮಕ್ಕಳ ದುಡಿಮೆ ತಪ್ಪಿಸಲು ಅಭ್ರಕ ಬಳಸುವ ಕಂಪನಿಗಳು ಸೇರಿ 2017ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಒಕ್ಕೂಟ ಮಾಡಿಕೊಂಡಿವೆ. ಮಕ್ಕಳ ಹಕ್ಕಿಗಾಗಿ ಹೋರಾಡಿ ನೊಬೆಲ್ ಪಡೆದ ಕೈಲಾಶ್ ಸತ್ಯಾರ್ಥಿಯವರ ಸಂಸ್ಥೆ ಅಲ್ಲಿನ ಹಳ್ಳಿಗಳಲ್ಲಿ ಮಕ್ಕಳನ್ನು ಗುಂಡಿಯಿಂದ ಶಾಲೆಗೆ ತಂದಿದೆ. ಹಾಗೆ ಬಂದವರಲ್ಲಿ ಗಿರಿಡಿಯ ನೀರಜ್ ಮುರ್ಮು ಒಬ್ಬರು. ಹುಡುಗನಾಗಿದ್ದಾಗ ಅಭ್ರಕ ಆಯುತ್ತಿದ್ದವರು, ದೊಡ್ಡವರಾಗಿ ತಮ್ಮೂರಲ್ಲೇ ಮಕ್ಕಳಿಗೆ ಶಾಲೆ ನಡೆಸಿದರು. 2020ರಲ್ಲಿ ಅವರಿಗೆ, ಸಮಾಜಸೇವೆ ಮಾಡುವ ಯುವಜನರಿಗೆ ಬ್ರಿಟನ್ನಿನವರು ಕೊಡುವ ಡಯಾನಾ ಪ್ರಶಸ್ತಿ ಬಂತು.

ಕಾಂಗೋ ದೇಶದ ವಿಷಯವನ್ನೂ ಹೇಳಬೇಕೆಂದಿದ್ದೆ, ಸಮಯ ಹೆಚ್ಚು ಉಳಿದಿಲ್ಲ. ನಿಮ್ಮ ಮೊಬೈಲ್ ಬ್ಯಾಟರಿಯಲ್ಲಿರುವ ಕೋಬಾಲ್ಟ್, ಜಗತ್ತಿನ ಮುಕ್ಕಾಲು ಪಾಲಿನ ಹತ್ತಿರ, ಅಲ್ಲಿಂದ ಬರುತ್ತದೆ. ಕೊಲ್ವೆಝಿ ಅನ್ನುವ ಊರಿನ ಸುತ್ತ ಇಂಥದ್ದೇ ಬಿಲ, ಇಂಥದ್ದೇ ಕೈ. ಅದೇ ದೇಶದ ಪೂರ್ವಕ್ಕೆ, ಮೊಬೈಲಿನ ಬಿಡಿಭಾಗಕ್ಕೆ ಬೇಕಾದ ಟ್ಯಾಂಟಲಂ ಅನ್ನುವ ಲೋಹದ ಅದಿರಿನ ದುಡ್ಡಿನಿಂದ ಬಂದೂಕು ಕೊಳ್ಳುವವರಿದ್ದಾರೆ. ಅದಕ್ಕಾಗಿ ಅಮೆರಿಕ 2010ರಲ್ಲಿ ಕಾನೂನು ಮಾಡಿತು: ತವರ, ಟಂಗ್‌ಸ್ಟನ್, ಟ್ಯಾಂಟಲಂ, ಚಿನ್ನ, ಈ ನಾಲ್ಕು ಎಲ್ಲಿಂದ ಬಂದವು ಅಂತ ಕಂಪನಿಗಳು ಹೇಳಬೇಕು. ಯುರೋಪಿನಲ್ಲಿ ಇದೇ ನಾಲ್ಕಕ್ಕೆ 2021ರಿಂದ ಕಾನೂನು ಜಾರಿಯಾಯಿತು. ಅಂದರೆ ಕೇಳಿದರೆ ಕಂಪನಿಗಳು ಹುಡುಕಿ ಹೇಳಬಲ್ಲವು. ಆ ನಾಲ್ಕರ ಪಟ್ಟಿಯಲ್ಲಿ ಅಭ್ರಕ ಇಲ್ಲ. ಆದ್ದರಿಂದ ಕೇಳುವ ಕೆಲಸ ನಮ್ಮ ಮೇಲೆ ಬಿದ್ದಿದೆ.

ಹೇಗೆ ಕೇಳುವುದು ಅಂತ ಹೇಳಿ ಮುಗಿಸುತ್ತೇನೆ. ಇಸ್ತ್ರಿ ಪೆಟ್ಟಿಗೆಯೋ ಡ್ರೈಯರೋ ಕೊಂಡಾಗ ಬರುವ ರಟ್ಟಿನ ಡಬ್ಬದ ಮೇಲೆ ಗ್ರಾಹಕರು ಬರೆಯಬೇಕಾದ ವಿಳಾಸವನ್ನು ಅಚ್ಚು ಹಾಕಿರುತ್ತಾರೆ, ಹಾಕಲೇಬೇಕು. ಒಂದು ಕಾರ್ಡು ತೆಗೆದುಕೊಳ್ಳಿ. ಮೇಲೆ ಮಾಡೆಲ್ ನಂಬರ್. ಕೆಳಗೆ ಎರಡು ಸಾಲು: ಇದರೊಳಗಿರುವ ಅಭ್ರಕ ಯಾವ ಗಣಿಯದು? ತೆಗೆದವರಿಗೆ ಚೀಟಿ ಕೊಟ್ಟಿದ್ದೀರಾ? ಕನ್ನಡದಲ್ಲೇ ಬರೆಯಿರಿ, ಓದಿಸಿಕೊಳ್ಳುವುದು ಅವರ ಕೆಲಸ. ನಾನು ಮೂರು ಕಂಪನಿಗಳಿಗೆ ಬರೆದಿದ್ದೆ. ಎರಡು ಸುಮ್ಮನಿವೆ. ಒಂದರಿಂದ ಎಂಟು ತಿಂಗಳಾದ ಮೇಲೆ ಉತ್ತರ ಬಂತು: ನಮಗೆ ಹಾಳೆ ಮಾರುವವರನ್ನು ವಿಚಾರಿಸುತ್ತಿದ್ದೇವೆ ಅಂತ. ನನ್ನದು ಕಂಪನಿಗೆ ಒಂದೇ ಕಾರ್ಡು. ಝುಮ್ರಿ ತಲೈಯಾದವರು ಒಂದು ಹಾಡಿಗೆ ಕಟ್ಟು ಕಟ್ಟು ಬರೆಯುತ್ತಿದ್ದರು, ಹಾಡು ಬರುವ ತನಕ ಬರೆಯುತ್ತಿದ್ದರು. ಕಾರ್ಡಿಗೆ ಈಗಲೂ 50 ಪೈಸೆ.

ನಮಸ್ಕಾರ.