ಪ್ರೀತಿ ಬಗ್ಗೆ ಏನು ಓದುವುದು?

ಕೇಳುಗರೆಲ್ಲರಿಗೂ ನಮಸ್ಕಾರ. ಕಾಲೇಜಲ್ಲಿ ಕ್ಲಾಸ್ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರೇ ಬಂದು ಕೇಳುವುದುಂಟು, ಮೇಡಂ, ಲವ್ ಬಗ್ಗೆ ಒಳ್ಳೆ ಪುಸ್ತಕ ಯಾವುದುಂಟು ಅಂತ. ಕೇಳುವಾಗ ಸ್ವಲ್ಪ ನಾಚಿಕೆ, ಸ್ವಲ್ಪ ನಗು, ಆದ್ರೆ ಪ್ರಶ್ನೆ ಮಾತ್ರ ಸೀರಿಯಸ್ಸೇ. ಅವರಿಗೆ ನಾನು ಹೇಳುವ ಕೆಲವು ಪುಸ್ತಕಗಳ ಬಗ್ಗೆ ಇವತ್ತು ನಿಮ್ಮ ಹತ್ರ ಮಾತಾಡ್ತೇನೆ.

ಮೊದಲನೇದು ಮನೋವಿಶ್ಲೇಷಕ ಎರಿಕ್ ಫ್ರಾಮ್ ಬರೆದ 'ದಿ ಆರ್ಟ್ ಆಫ್ ಲವಿಂಗ್', 1956ರದ್ದು. ಸಣ್ಣ ಪುಸ್ತಕ, ಆದ್ರೆ ಒಂದೇ ಸಲಕ್ಕೆ ಓದಿ ಇಟ್ಟುಬಿಡ್ಲಿಕ್ಕೆ ಆಗುವಂಥದ್ದಲ್ಲ. ಫ್ರಾಮ್ ಹೇಳುವುದೇನಂದ್ರೆ ನಾವೆಲ್ಲ ಸರಿಯಾದ ಜನ ಸಿಕ್ಕಿದ್ರೆ ಸಾಕು, ಪ್ರೀತಿ ತಾನಾಗಿ ಬರ್ತದೆ ಅಂತ ಕಾದು ಕೂತಿದ್ದೇವೆ, ಪ್ರೀತಿಸ್ಲಿಕ್ಕೆ ನಮಗೆ ಬರ್ತದಾ ಅಂತ ಕೇಳಿಕೊಳ್ಳುವುದೇ ಇಲ್ಲ. ಒಳ್ಳೆ ಚೆಂಡೆಯೊಂದು ಸಿಕ್ಕಿದ್ರೆ ನುಡಿಸ್ಲಿಕ್ಕೆ ತನ್ನಷ್ಟಕ್ಕೇ ಬರ್ತದೆ ಅಂತ ನಮ್ಮ ಯಕ್ಷಗಾನದವರು ಯಾರಾದ್ರೂ ಹೇಳ್ತಾರಾ? ಗುರುಗಳ ಹತ್ರ ಕೂತು ಕೈ ನೋಯುವಷ್ಟು ಬಾರಿಸಿಯೇ ಕಲೀಬೇಕು. ಕಾಳಜಿ, ಜವಾಬ್ದಾರಿ, ಗೌರವ, ಎದುರಿನವರನ್ನು ನಿಜವಾಗಿ ತಿಳ್ಕೊಳ್ಳುವುದು, ಈ ನಾಲ್ಕೂ ಇಲ್ಲದೆ ಪ್ರೀತಿ ಇಲ್ಲ ಅಂತಾರೆ ಅವರು. ಇದ್ರಲ್ಲಿ ಕೊನೇದೇ ಕಷ್ಟ ಅಂತ ನನ್ನ ಅಭಿಪ್ರಾಯ.

ಸೈಕಾಲಜಿ ಕಡೆಯಿಂದ ಇನ್ನೊಂದು. 1987ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಅಂತ ಇಬ್ರು ಒಂದು ಲೇಖನ ಬರೆದ್ರು, ಮಗು ತಾಯಿಗೆ ಅಂಟಿಕೊಳ್ಳುವ ರೀತಿ ಬಗ್ಗೆ ಜಾನ್ ಬೌಲ್ಬಿ ಮತ್ತು ಮೇರಿ ಐನ್ಸ್‌ವರ್ತ್ ಏನು ಹೇಳಿದ್ರೋ ಅದೇ ದೊಡ್ಡವರ ಪ್ರೇಮಕ್ಕೂ ಹೊಂದ್ತದೆ ಅಂತ. ಕೆಲವರು ನಂಬಿ ಹತ್ರ ಬರ್ತಾರೆ, ಕೆಲವರಿಗೆ ಎಲ್ಲಿ ಬಿಟ್ಟುಹೋಗ್ತಾರೋ ಅಂತ ಯಾವಾಗ್ಲೂ ಭಯ, ಇನ್ನು ಕೆಲವರು ಯಾರಾದ್ರೂ ಹತ್ರ ಬಂದ್ರೆ ಸಾಕು, ದೂರ ಸರೀತಾರೆ. ಹಜಾನ್, ಶೇವರ್ ಪ್ರಶ್ನೆ ಕೇಳಿ ನೋಡಿದ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೊದಲಿನ ಗುಂಪಿನವರು. ಮೆಸೇಜ್‌ಗೆ ರಿಪ್ಲೈ ಬರ್ಲಿಲ್ಲ ಅಂತ ರಾತ್ರಿಯಿಡೀ ನಿದ್ದೆ ಕೆಡುವ ಹುಡುಗಿಗೆ ಇದನ್ನು ಓದಿದ್ರೆ ಒಂದು ಸಮಾಧಾನ ಸಿಗ್ತದೆ, ನನ್ನ ತಲೆ ಕೆಟ್ಟದ್ದಲ್ಲ, ಈ ಭಯಕ್ಕೂ ಒಂದು ಮೂಲ ಉಂಟು ಅಂತ.

ಆದ್ರೆ ಸೈಕಾಲಜಿ ಮಾತ್ರ ಓದಿದ್ರೆ ಎಲ್ಲವೂ ಮನಸ್ಸಿನೊಳಗೇ ನಡೀತದೆ ಅಂತ ಅನ್ನಿಸ್ಲಿಕ್ಕೆ ಶುರುವಾಗ್ತದೆ. ಅದಕ್ಕೇ ಮಂಗಳೂರಲ್ಲೇ ಬಾಳಿ ಬರೆದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಓದಿ ಅಂತ ಹೇಳುವುದು. ನಾದಿರಾ ಮತ್ತು ಅವಳ ಗಂಡ ರಶೀದ್ ನಡುವೆ ಪ್ರೀತಿಗೇನೂ ಕೊರತೆ ಇಲ್ಲ, ಅವರನ್ನು ಬೇರೆ ಮಾಡುವುದು ಅವಳ ಅಪ್ಪನ ಹಠ, ತಲಾಖ್, ಮತ್ತೆ ಗಂಡನನ್ನು ಸೇರ್ಬೇಕಾದ್ರೆ ಇನ್ನೊಬ್ಬನನ್ನು ಮದುವೆಯಾಗಿ ಬರ್ಬೇಕು ಅನ್ನುವ ನಿಯಮ. ಹೆಂಗಸಿನ ಮನಸ್ಸಿಗೆ ಅಲ್ಲಿ ಜಾಗವೇ ಇಲ್ಲ. ಕೊನೆ ನಾನು ಹೇಳುವುದಿಲ್ಲ, ನೀವೇ ಓದಿ.

ಕಾರಂತರ 'ಬೆಟ್ಟದ ಜೀವ' ಪ್ರೇಮಕತೆ ಅಂತ ಯಾರೂ ಹೇಳುವುದಿಲ್ಲ, ನಾನು ಹೇಳ್ತೇನೆ. ಸುಬ್ರಹ್ಮಣ್ಯದ ಆಚೆ ಕಾಡಲ್ಲಿ ಗೋಪಾಲಯ್ಯ, ಶಂಕರಮ್ಮ, ಮುದಿ ಗಂಡ ಹೆಂಡತಿ. ಮಗ ಮನೆ ಬಿಟ್ಟು ಹೋಗಿದ್ದಾನೆ. ಗೋಪಾಲಯ್ಯನ ತಮಾಷೆ ಮಾತಿನ ಅಡಿಯಲ್ಲಿ ಆ ನೋವುಂಟು, ಹಾಗಿದ್ರೂ ಅವರು ಹೆಂಡತಿಯನ್ನು ಛೇಡಿಸುವುದು ಬಿಡುವುದಿಲ್ಲ. ಫ್ರಾಮ್ ಓದಿ ಅರ್ಥ ಆಗದ್ದು ಇಲ್ಲಿ ಅರ್ಥ ಆದೀತು.

ಇನ್ನು ಸೃಜನಶೀಲತೆ, ಪ್ರೀತಿಗೂ ಅದಕ್ಕೂ ನಂಟುಂಟು. ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಅಂತ ಒಬ್ರು ಸೈಕಾಲಜಿಸ್ಟ್ 1996ರಲ್ಲಿ 'ಕ್ರಿಯೇಟಿವಿಟಿ' ಅಂತ ಒಂದು ಪುಸ್ತಕ ಬರೆದ್ರು. ಹೊಸತನ ಒಬ್ಬನ ತಲೆಯೊಳಗೆ ಮಾತ್ರ ಹುಟ್ಟುವುದಲ್ಲ, ಅದಕ್ಕೊಂದು ಪರಂಪರೆ ಬೇಕು, ಇದು ಚೆಂದ ಉಂಟು, ಇದು ಇಲ್ಲ ಅಂತ ಹೇಳುವ ಜನ ಬೇಕು ಅಂತ ಅವರ ವಾದ. ಇದನ್ನು ಓದುವಾಗೆಲ್ಲ ನನಗೆ ನೆನಪಾಗುವುದು ನಮ್ಮ ನಂದಳಿಕೆಯ ಕವಿ ಮುದ್ದಣ. ಉಡುಪಿಯಲ್ಲಿ ಶಾಲೆಯ ಡ್ರಿಲ್ ಮೇಷ್ಟ್ರು, ಹುಟ್ಟಿದ್ದು 1870, ಕ್ಷಯದಿಂದ ತೀರಿಕೊಂಡದ್ದು 1901ರಲ್ಲಿ, ಎಷ್ಟು ಸಣ್ಣ ಪ್ರಾಯ ನೋಡಿ. ಹಳಗನ್ನಡದಲ್ಲಿ ಬರೆದ 'ಶ್ರೀರಾಮಾಶ್ವಮೇಧಂ'ನಲ್ಲಿ ಅವರು ಕತೆ ಹೇಳುವುದು ಹೆಂಡತಿ ಮನೋರಮೆಗೆ. ಹೊರಗೆ ಮಳೆಗಾಲ, ಹೊತ್ತು ಹೋಗ್ಲಿಕ್ಕೆ ಒಂದು ಕತೆ ಹೇಳಿ ಅಂತ ಅವಳು. ಪದ್ಯದಲ್ಲಾ ಗದ್ಯದಲ್ಲಾ ಅಂತ ಕೇಳಿದ್ರೆ 'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ', ಅಂದ್ರೆ ಪದ್ಯ ಬೇಡವೇ ಬೇಡ, ಮನಸ್ಸಿಗೆ ಹಿಡಿಸುವುದು ಗದ್ಯವೇ ಅಂತ ಖಂಡಿತವಾಗಿ ಹೇಳಿಬಿಡ್ತಾಳೆ. ಸರಿ ಅಂತ ಅವನು ಸಂಸ್ಕೃತ ತುಂಬಿಸಿ ಶುರುಮಾಡಿದ್ರೆ, ನೀರಿಳಿಯದ ಗಂಟಲೊಳಗೆ ಕಡುಬು ತುರುಕಿದ ಹಾಗಾಯ್ತು ಅಂತಾಳೆ! ಅವನಿಗೆ ಸಿಟ್ಟಿಲ್ಲ, ಧಾಟಿ ಬದಲಿಸ್ತಾನೆ. ಮಧ್ಯೆಮಧ್ಯೆ ಅವಳ ತಕರಾರು, ಅವನ ಉತ್ತರ, ಮುನಿಸು, ರಾಜಿ, ಹೀಗೇ ಕತೆ ಮುಂದೆ ಹೋಗ್ತದೆ. ಪ್ರೇಮ ಮತ್ತು ಸೃಷ್ಟಿ ಎರಡೂ ಒಟ್ಟೊಟ್ಟಿಗೆ ನಡೆಯುವುದನ್ನು ಕಣ್ಣಾರೆ ನೋಡ್ಬೇಕಾದ್ರೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಅವಳು ಬರೇ ಹೂಂ ಹೂಂ ಅಂತ ಕೂತಿದ್ರೆ ಆ ಗದ್ಯ ಹಾಗೆ ಬರ್ತಿತ್ತಾ?

ಹಳಗನ್ನಡ ಕಷ್ಟ ಅಂತ ಹೆದರ್ಬೇಡಿ. ಪೂರ್ತಿ ಪುಸ್ತಕ ಬೇಡ, ಮೊದಲು ಆ ಸಲ್ಲಾಪದ ಭಾಗ ಮಾತ್ರ ತಗೊಳ್ಳಿ, ಲೈಬ್ರರಿಯಲ್ಲಿ ಕೇಳಿದ್ರೆ ಕೊಡ್ತಾರೆ. ಒಬ್ರೇ ಮನಸ್ಸಲ್ಲಿ ಓದುವ ಬದಲು ಇಬ್ರು ಕೂತು, ಒಬ್ರು ಮುದ್ದಣ, ಒಬ್ರು ಮನೋರಮೆ ಆಗಿ ಗಟ್ಟಿಯಾಗಿ ಓದಿ. ಕಣ್ಣಿಗೆ ಕಷ್ಟ ಆದದ್ದು ಕಿವಿಗೆ ಸಲೀಸಾಗಿ ಹೋಗ್ತದೆ, ಎರಡ್ಮೂರು ಪುಟ ದಾಟಿದ ಮೇಲೆ ನಿಘಂಟು ಬದಿಗಿಡ್ಬಹುದು. ನಮಸ್ಕಾರ.